ಇನ್ನರ್ಧ ಪಾಠ

ಚೀಲದ ಇನ್ನೊಂದು ತುದಿ ಹಿಡಿಯಲು ಯಾರೂ ಮುಂದೆ ಬರಲಿಲ್ಲ, ಚೌಡೇಶನೇ ಹೋಗಿ ಹಿಡಿದ. ಲಗೇಜ್ ಆಟೋದಿಂದ ಇಳಿಯುತ್ತಿದ್ದದ್ದು ಮಂಡಕ್ಕಿ ಚೀಲ. ನೋಡಲು ಆಳೆತ್ತರ, ಎತ್ತಿದರೆ ತೂಕವೇ ಇಲ್ಲ. ಭಾರವಿದ್ದೀತೆಂದು ಸೊಂಟ ಬಗ್ಗಿಸಿ ಬಲ ಹಾಕಿದ ಚೌಡೇಶ ಚೀಲದ ಸಮೇತ ಎರಡು ಹೆಜ್ಜೆ ಹಿಂದಕ್ಕೆ ಹೋದ. ಆಟೋದಲ್ಲಿದ್ದ ಮುದುಕ ನಗಲಿಲ್ಲ. ಸಾವಿನ ಮನೆಯೆಂದು ನಗಲಿಲ್ಲವೋ, ಇಂಥವರನ್ನು ದಿನವೂ ನೋಡಿ ಸಾಕಾಗಿ ನಗಲಿಲ್ಲವೋ ಹೇಳುವುದು ಕಷ್ಟ.

ಮುದುಕನ ಹೆಸರು ಮಸ್ತಾನಸಾಬ್. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ನಲವತ್ತು ವರ್ಷದಿಂದ ಅಕ್ಕಿ ಹುರಿಯುವ ಆಳು. ಸುದ್ದಿ ಕೇಳಿದ್ದೇ ಮುಂಜಾನೆ ಮೊದಲ ಹಂಡೆಯ ಮಂಡಕ್ಕಿ ತುಂಬಿಸಿಕೊಂಡು ಹರಿಹರದ ಮೇಲೆ ಕಡರನಾಯಕನಹಳ್ಳಿಗೆ ಬಂದಿದ್ದ. ಹೆಣದ ಮುಂದೆ ಚೆಲ್ಲಲು ಮಂಡಕ್ಕಿ ಬೇಕೇ ಬೇಕು. ಆದರೆ ತಾ ಎಂದು ಯಾರೂ ಇವನಿಗೆ ಹೇಳಿ ಕಳಿಸಿರಲಿಲ್ಲ.

“ನೀವು ಮೇಷ್ಟ್ರ ಸ್ಕೂಲಿನೋರಾ?” ಎಂದು ಅವನು ಬೆವರೊರೆಸಿಕೊಳ್ಳುತ್ತ ಕೇಳಿದ. ಚೌಡೇಶ ಹೌದೆಂದ.

“ಈಗ ಅಲ್ಲಿ ಮಂಡಕ್ಕಿ ಪಾಠ ಯಾರು ಮಾಡ್ತಾರ್ರಿ? ಐದು ವರ್ಸ ಆತು, ಒಬ್ಬ ಹುಡುಗಾನೂ ನಮ್ ಭಟ್ಟಿ ಕಡೆ ಬಂದಿಲ್ಲ.”

ಚೌಡೇಶ ಚೀಲವನ್ನು ಗೋಡೆಗೆ ಒರಗಿಸುವ ನೆಪದಲ್ಲಿ ಮುಖ ಆ ಕಡೆ ಮಾಡಿದ. “ಯಾರೋ ಮಾಡ್ತಾರೆ,” ಎಂದ. ಹುಡುಗರು ಭಟ್ಟಿಗೆ ಹೋಗಿ ಏನು ಮಾಡುತ್ತಿದ್ದರು ಎಂಬುದು ಅವನಿಗೆ ಗೊತ್ತಿರಲಿಲ್ಲ. ಕೇಳಬಹುದಿತ್ತು. ಕೇಳಿದರೆ ಆ ‘ಯಾರೋ’ ತಾನೇ ಎಂಬುದು ಬಯಲಾಗುತ್ತಿತ್ತು.

ಅಂಗಳದಲ್ಲಿ ಅಜ್ಜಪ್ಪ ಹೊಸ ಬಿದಿರು ಕಡಿಯುತ್ತಿದ್ದ. ತೀರಿಕೊಂಡ ಕಲ್ಲಪ್ಪ ಮೇಷ್ಟ್ರ ತಮ್ಮ ಅವನು. ಮೊದಲು ಕಟ್ಟಿದ ಚಟ್ಟ ಗಿಡ್ಡವಾಗಿತ್ತು. ಅಣ್ಣ ಆರಡಿ ಎರಡಂಗುಲ ಎಂಬುದು ತಮ್ಮನಿಗೇ ಮರೆತುಹೋಗಿತ್ತು. ನಿನ್ನೆ ಸಂಜೆ ಚಹಾ ಕುಡಿದು ಲೋಟ ಕೆಳಗಿಟ್ಟ ಮೇಷ್ಟ್ರು ಮತ್ತೆ ಮೇಲೇಳಲಿಲ್ಲ, ಎದೆನೋವು ಅಂತ ಹೇಳುವಷ್ಟೂ ಪುರುಸೊತ್ತು ಸಿಗಲಿಲ್ಲ ಎಂದು ಅಜ್ಜಪ್ಪ ಬಂದವರಿಗೆಲ್ಲ ಅದೇ ಮಾತುಗಳಲ್ಲಿ ಹೇಳುತ್ತಿದ್ದ. ದಾವಣಗೆರೆ ವಿದ್ಯಾನಗರದ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಸಮಾಜ ವಿಜ್ಞಾನ ಹೇಳಿ, ನಿವೃತ್ತರಾಗಿ ಊರಿಗೆ ಬಂದು, ಐದು ವರ್ಷ ಕಟ್ಟೆಯ ಮೇಲೆ ಪೇಪರ್ ಓದಿ ಹೋದ ಮನುಷ್ಯ. ಅಷ್ಟರಲ್ಲೇ ಮುಗಿಯುವ ಬದುಕು.

ಮುಖ್ಯೋಪಾಧ್ಯಾಯಿನಿ ಸುಧಾ ಮೇಡಂ ಹತ್ತಿರ ಬಂದು, ಹೆಣ ಎತ್ತುವ ಮೊದಲು ಸ್ಕೂಲಿನ ಪರವಾಗಿ ಎರಡು ಮಾತು ಆಡಬೇಕು, ಆಡುವವರು ನೀವೇ ಎಂದು ಚೌಡೇಶನಿಗೆ ಪಿಸುಗುಟ್ಟಿದರು. ಅವನು ತಲೆಯಾಡಿಸಿದ. ಮಾತಾಡುವುದು ಅವನಿಗೆ ಕಷ್ಟವಲ್ಲ, ರಾಜ್ಯದ ಹತ್ತು ಜಿಲ್ಲೆ ತಿರುಗಿ ಮಾತಾಡಿ ಬಂದವನು. ಆದರೆ ಆ ಹತ್ತು ಜಿಲ್ಲೆಯಲ್ಲಿ ಒಂದು ಸಲವೂ ಅವನ ಬಾಯಲ್ಲಿ ಬರದ ಹೆಸರು ಈಗ ಬರಬೇಕಿತ್ತು, ಅದೂ ಆ ಹೆಸರಿನವನ ಎದುರಿಗೆ.

*

ಹನ್ನೊಂದು ವರ್ಷದ ಹಿಂದೆ ಚೌಡೇಶ ಕೆಲಸಕ್ಕೆ ಸೇರಿದ ಹೊಸತು. ಹಿರಿಯರ ಪಾಠ ಕೂತು ನೋಡಿ ಎಂದು ಆಗಿನ ಹೆಡ್‌ಮಾಸ್ತರರು ಅವನನ್ನು ಕಲ್ಲಪ್ಪ ಮೇಷ್ಟ್ರ ಒಂಬತ್ತನೇ ಕ್ಲಾಸಿಗೆ ಕಳಿಸಿದರು. ಮೇಷ್ಟ್ರು ಆಗಲೇ ವರಾಂಡದ ನೆಲಕ್ಕೆ ಬಗ್ಗಿ ಸುಣ್ಣದ ಕಡ್ಡಿಯಲ್ಲಿ ಪ್ರಪಂಚದ ಭೂಪಟ ಬರೆಯುತ್ತಿದ್ದರು. ಅಷ್ಟು ಉದ್ದದ ಮನುಷ್ಯ ಬಗ್ಗಿದರೆ ಹುಡುಗರಿಗೆ ನಗು. ಅವರು ಬಗ್ಗಿಕೊಂಡೇ ಆಫ್ರಿಕಾ ಮುಗಿಸಿದರು.

ಕ್ಲಾಸಿನಲ್ಲಿ ನಲವತ್ತು ಮಕ್ಕಳು. ಪ್ರಪಂಚದ ಜನಸಂಖ್ಯೆಯ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಮಂದಿ ಏಷ್ಯಾದೊಳಗೆ ಒತ್ತಿಕೊಂಡು ನಿಂತರು. ಏಳು ಮಂದಿ ಆಫ್ರಿಕಾ, ನಾಲ್ವರು ಯುರೋಪು, ಇಬ್ಬರು ದಕ್ಷಿಣ ಅಮೆರಿಕ, ಮೂವರು ಉತ್ತರ ಅಮೆರಿಕ. ಆಮೇಲೆ ಮೇಷ್ಟ್ರು ಮಂಡಕ್ಕಿ ಹಂಚಿದರು. ಹಂಚಿದ್ದು ತಲೆ ಎಣಿಸಿಯಲ್ಲ, ಪ್ರಪಂಚದ ಸಂಪತ್ತು ಯಾರ ಕೈಯಲ್ಲಿದೆಯೋ ಆ ಪ್ರಕಾರ. ಉತ್ತರ ಅಮೆರಿಕದ ಮೂವರಿಗೆ ಮಡಿಲು ತುಂಬ ಬಂತು. ಆಫ್ರಿಕಾದ ಏಳು ಮಂದಿಗೆ ಸೇರಿಸಿ ಒಂದು ಹಿಡಿ. ಮೊದಲು ನಕ್ಕರು, ಆಮೇಲೆ ಜಗಳಾಡಿದರು, ಆಮೇಲೆ ಒಬ್ಬ ಏಷ್ಯಾದವನು ಕಡಲು ದಾಟಿ ಯುರೋಪಿನ ಮಂಡಕ್ಕಿಗೆ ಕೈಹಾಕಿದ. ಮೇಷ್ಟ್ರು ಯಾರನ್ನೂ ಗದರಲಿಲ್ಲ. ಗದ್ದಲ ತಾನಾಗಿ ತಣ್ಣಗಾದ ಮೇಲೆ, ಇದಕ್ಕೆ ಅಭಿವೃದ್ಧಿಯ ಅಂತರ ಅಂತಾರೆ, ಪುಸ್ತಕದಲ್ಲಿ ಎರಡು ಪುಟ ಇದೆ, ಓದಿಕೊಂಡು ಬನ್ನಿ ಎಂದರು.

ಗಂಟೆ ಹೊಡೆಯುವಾಗ ಆಫ್ರಿಕಾದಲ್ಲಿ ನಿಂತಿದ್ದ ಒಬ್ಬ ಹುಡುಗಿ ಕೈ ಎತ್ತಿದಳು. “ಸಾರ್, ಈ ಮಂಡಕ್ಕಿ ಮಾಡಿದೋರು ಎಲ್ಲಿ ನಿಂತಾರೆ?”

ಮೇಷ್ಟ್ರ ಮುಖ ಅರಳಿತು. ಆ ಪ್ರಶ್ನೆಗೇ ಕಾಯುತ್ತಿದ್ದವರ ಹಾಗೆ, “ಶನಿವಾರ ಹೋಗಿ ನೋಡಾಣ ಬಿಡು,” ಎಂದರು. ನ್ಯಾಯದ ವ್ಯಾಪಾರ ಅಂದರೇನು ಅಂತ ಅವತ್ತು ಹೇಳ್ತೀನಿ ಎಂದೂ ಸೇರಿಸಿದರು. ಚೌಡೇಶನಿಗೂ ಬರಲು ಹೇಳಿದರು. ಶನಿವಾರ ಮಧ್ಯಾಹ್ನ ಚೌಡೇಶನಿಗೆ ಟ್ಯೂಷನ್ ಇತ್ತು. ಆಮೇಲಿನ ಐದು ವರ್ಷವೂ ಶನಿವಾರ ಮಧ್ಯಾಹ್ನ ಟ್ಯೂಷನ್ ಇತ್ತು. ಮೇಷ್ಟ್ರು ಪ್ರತಿ ವರ್ಷ ಕರೆದರು, ಇವನು ಪ್ರತಿ ವರ್ಷ ಮುಂದಿನ ಸಲ ಎಂದ.

ಮೇಷ್ಟ್ರು ನಿವೃತ್ತರಾದ ಎರಡು ವರ್ಷಕ್ಕೆ ಇಲಾಖೆಯವರು ಹೊಸ ಬಗೆಯ ಬೋಧನೆಗೆ ಬಹುಮಾನ ಇಟ್ಟರು. ಚೌಡೇಶ ವರಾಂಡದ ಮೇಲೆ ಭೂಪಟ ಬರೆಸಿ, ಮಕ್ಕಳನ್ನು ನಿಲ್ಲಿಸಿ, ಅಂಗಡಿಯಿಂದ ಪ್ಯಾಕೆಟ್ ಮಂಡಕ್ಕಿ ತರಿಸಿ ಹಂಚಿ, ಅದನ್ನು ವಿಡಿಯೋ ಮಾಡಿಸಿ ಕಳಿಸಿದ. ಅರ್ಜಿಯಲ್ಲಿ ಒಂದು ಕಾಲಂ ಇತ್ತು: ಈ ವಿಧಾನ ನಿಮ್ಮ ಸ್ವಂತದ್ದೇ? ಹೌದು, ಅಲ್ಲ. ಎರಡರ ಮಧ್ಯೆ ಮೂರನೆಯದೊಂದು ಇದ್ದಿದ್ದರೆ ಅವನು ಅದಕ್ಕೇ ಟಿಕ್ ಹಾಕುತ್ತಿದ್ದ. ಇರಲಿಲ್ಲವಾಗಿ ‘ಹೌದು’ಗೆ ಹಾಕಿದ. ಬಹುಮಾನ ಬಂತು, ಶಾಲು ಬಂತು, ತರಬೇತಿ ಕೊಡಿ ಎಂದು ಬೇರೆ ಬೇರೆ ಜಿಲ್ಲೆಗಳಿಂದ ಕರೆ ಬಂತು. ಮೇಷ್ಟ್ರಿಗೆ ಒಂದು ಸಲ ಹೋಗಿ ಹೇಳಿಬರಬೇಕು ಅಂದುಕೊಂಡ. ಹರಿಹರದವರೆಗೆ ಎಷ್ಟೋ ಸಲ ಹೋದ, ಅಲ್ಲಿಂದ ಮುಂದಕ್ಕೆ ಬೈಕ್ ಹೋಗಲಿಲ್ಲ.

*

ಮೇಷ್ಟ್ರನ್ನು ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ. ಕೂತರೂ ಪಕ್ಕದಲ್ಲಿ ನಿಂತ ಮಕ್ಕಳ ಎತ್ತರಕ್ಕೆ ಬರುತ್ತಿದ್ದರು. ಒಳಬಾಗಿಲಲ್ಲಿ ಹೆಂಡತಿ ಉಡಚಮ್ಮ ಹೊಸ್ತಿಲಿಗೆ ಕೈಕೊಟ್ಟು ಕೂತಿದ್ದಳು. ಅತ್ತು ಮುಗಿದ ಕಣ್ಣು. ಮೈಕು ಗೀಕು ಏನಿಲ್ಲ, ಸುಧಾ ಮೇಡಂ ಗಂಟಲು ಸರಿಮಾಡಿಕೊಂಡು ತಾವೇ ಶುರುಮಾಡಿದರು. ಕಲ್ಲಪ್ಪ ಸರ್ ಎಂಥ ಸರಳ ವ್ಯಕ್ತಿ, ಎಂದೂ ರಜೆ ಹಾಕಿದವರಲ್ಲ, ಎಂದೂ ಬಹುಮಾನಕ್ಕೆ ಆಸೆಪಟ್ಟವರಲ್ಲ. ಅವರ ಗರಡಿಯಲ್ಲಿ ಬೆಳೆದವರು ನಮ್ಮ ಚೌಡೇಶ್ ಸರ್, ಇಡೀ ರಾಜ್ಯಕ್ಕೆ ಗೊತ್ತಿರೋ ಮಂಡಕ್ಕಿ ಪಾಠ ಕಂಡುಹಿಡಿದವರು, ಈಗ ಅವರು ಎರಡು ಮಾತಾಡುತ್ತಾರೆ ಎಂದರು.

ಮಂಡಕ್ಕಿ ಪಾಠ ಎಂದ ಕೂಡಲೇ ಚೀಲದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಮಸ್ತಾನಸಾಬ್ ತಲೆ ಎತ್ತಿ ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ‘ಯಾರೋ’ ಅಂದರೆ ನೀನೇನಾ ಎಂಬ ಅಚ್ಚರಿ ಮಾತ್ರ ಇತ್ತು.

ಚೌಡೇಶ ದಾರಿಯುದ್ದಕ್ಕೂ ಒಂದು ಮಾತು ಸಿದ್ಧಮಾಡಿಕೊಂಡು ಬಂದಿದ್ದ. ‘ಸರ್ ಅವರೇ ನನಗೆ ಸ್ಫೂರ್ತಿ.’ ಸ್ಫೂರ್ತಿ ಎಂಬುದು ಬಹಳ ಅನುಕೂಲದ ಪದ. ಕದ್ದವನ ಮರ್ಯಾದೆಯೂ ಉಳಿಯುತ್ತದೆ, ಕಳಕೊಂಡವನಿಗೂ ಏನೋ ಕೊಟ್ಟ ಹಾಗಾಗುತ್ತದೆ. ಬಾಯಿ ತೆರೆದಾಗ ಆ ಪದ ಬರಲಿಲ್ಲ.

“ಮಂಡಕ್ಕಿ ಪಾಠ ನಂದಲ್ಲ,” ಎಂದ. “ಅದು ಕಲ್ಲಪ್ಪ ಸರ್‌ದು. ವರಾಂಡದಲ್ಲಿ ಕೂತು ನೋಡಿ, ನಂದು ಅಂತ ಬರೆದು ಕೊಟ್ಟೆ. ಅವರನ್ನ ಒಂದು ಮಾತು ಕೇಳಲಿಲ್ಲ.”

ಚೌಡೇಶ ಬೈಗುಳಕ್ಕೆ ಕಾದು ನಿಂತ. ಎಷ್ಟೋ ವರ್ಷದ ಹೊರೆ ಇಳಿದ ಹಾಗೆ ಹಗುರವೂ ಆಗಿತ್ತು. ಅಷ್ಟರಲ್ಲಿ ಸುಧಾ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು, “ಇಷ್ಟು ದೊಡ್ಡವರಾದ ಮೇಲೂ ಎಂಥ ವಿನಯ ನೋಡ್ರಿ,” ಎಂದರು.

ವಿನಯ ಅಲ್ಲ ಮೇಡಂ, ನಿಜ ಎಂದು ಅವನು ಹೇಳಿ ನೋಡಿದ. ಅದೇ ನಿಮ್ಮ ದೊಡ್ಡ ಗುಣ ಎಂದು ಅವರು ಇನ್ನಷ್ಟು ಮೆಚ್ಚಿದರು. ಬಂದಿದ್ದ ಮೇಷ್ಟ್ರುಗಳೆಲ್ಲ ಒಬ್ಬೊಬ್ಬರಾಗಿ ಅವನ ಹೆಗಲು ತಟ್ಟಿದರು. ತೀರಿಕೊಂಡವರಿಗೆ ತನ್ನ ಬಹುಮಾನವನ್ನೇ ಒಪ್ಪಿಸಿಬಿಟ್ಟನಲ್ಲ, ಈ ಕಾಲದಲ್ಲಿ ಯಾರು ಮಾಡ್ತಾರೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಚಟ್ಟ ಹೆಗಲಿಗೇರುವಷ್ಟರಲ್ಲಿ ಅದು ಶಿಕ್ಷಕರ ಗುಂಪಿಗೆ ಹೋಗಿ ಚೌಡೇಶನ ಜೇಬಿನಲ್ಲಿ ಫೋನು ಗುರುಗುಟ್ಟತೊಡಗಿತು. ಮೇಷ್ಟ್ರ ಪಾಲಿನದು ಈ ಸಲವೂ ಅವನ ಖಾತೆಗೇ ಬಂದು ಬಿತ್ತು. ಅವನಿಗೆ ವಿಪರೀತ ನಾಚಿಕೆಯಾಯಿತು, ನಾಚಿಕೆಪಟ್ಟದ್ದೂ ವಿನಯದ ಹಾಗೆಯೇ ಕಾಣುತ್ತಿತ್ತು.

ಮಂಡಕ್ಕಿ ಬುಟ್ಟಿಯನ್ನು ಅಜ್ಜಪ್ಪ ತಂದು ಅವನ ಕೈಗೇ ಕೊಟ್ಟ. “ನೀವೇ ಚೆಲ್ಲಿ ಬರ್ರಿ ಮೇಷ್ಟ್ರೆ. ನಮ್ಮಣ್ಣಗೆ ಸಮಾಧಾನ ಆಗ್ತೈತೆ.”

ಹಲಗೆ ಬಡಿಯುವವರ ಹಿಂದೆ, ಹೆಣದ ಮುಂದೆ, ಚೌಡೇಶ ಹಿಡಿ ಹಿಡಿ ಮಂಡಕ್ಕಿ ಎರಚುತ್ತ ನಡೆದ. ಮೊದಲ ಹಿಡಿ ತೆಗೆದಾಗ ಇದು ಆಫ್ರಿಕಾದ ಏಳು ಮಂದಿಯದು ಅನ್ನಿಸಿತು. ಎರಡನೆಯದಕ್ಕೂ ಹಾಗೇ ಅನ್ನಿಸಿತು. ಊರಾಚೆಯ ಹೊಲದ ಬದುವಿನಲ್ಲಿ ತೋಡಿದ್ದ ಗುಂಡಿ ಮುಟ್ಟುವವರೆಗೆ ಬುಟ್ಟಿಯನ್ನು ಅಜ್ಜಪ್ಪ ಮೂರು ಸಲ ತುಂಬಿಸಿಕೊಟ್ಟ. ಗುಂಡಿಯೂ ಗಿಡ್ಡವಾಗಿ, ತಲೆಯ ಕಡೆ ಮತ್ತೊಂದು ಗೇಣು ಅಗೆಯಬೇಕಾಯಿತು. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಮಸ್ತಾನಸಾಬನೂ ಹಾಕಿ, ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದು ನಿಂತ.

*

ಮಣ್ಣು ಮಾಡಿ ಬಂದವರು ಕಾಲು ತೊಳೆದುಕೊಂಡು, ಮೇಷ್ಟ್ರನ್ನು ಕೂರಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಹೊರಡುತ್ತಿದ್ದರು. ಚೌಡೇಶ ಕೊನೆಗೆ ಹೋದ. ದೀಪದ ಪಕ್ಕ ಉಡಚಮ್ಮ ಒಬ್ಬಳೇ ಇದ್ದಳು. ಮದುವೆಗೆ ಮುಂಚೆ ಅವನು ವಿದ್ಯಾನಗರದ ಅವರ ಬಾಡಿಗೆ ಮನೆಯಲ್ಲಿ ಎಷ್ಟೋ ಸಲ ಅವಳ ಕೈಯ ರೊಟ್ಟಿ ಉಂಡವನು.

“ಕೂಡಪ್ಪ ಚೌಡೇಶ,” ಎಂದಳು. “ನೀನು ಅಂದದ್ದು ನಂಗೆ ಕೇಳಿಸ್ತು. ಅವರಿಗೆ ಗೊತ್ತಿತ್ತು.”

ಬಹುಮಾನದ ಆ ವಿಡಿಯೋವನ್ನು ಯಾರೋ ಹಳೇ ಶಿಷ್ಯ ಕಳಿಸಿದ್ದನಂತೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರಂತೆ.

“ಬೈದ್ರಾ ಅಮ್ಮ?”

“ಯಾಕ ಬೈತಾರೆ? ಅರ್ಧ ಪಾಠ ಒಯ್ದಾನೆ, ಇನ್ನರ್ಧ ಕೇಳಾಕೆ ಬರ್ತಾನೆ ನೋಡು ಅಂದ್ರು.” ಅವಳು ದೀಪದ ಬತ್ತಿಯನ್ನು ಕಡ್ಡಿಯಿಂದ ಮುಂದಕ್ಕೆ ನೂಕಿದಳು. “ಶನಿವಾರ ಬಂತಂದ್ರೆ ಉಂಡು, ಇಸ್ತ್ರಿ ಅಂಗಿ ಹಾಕ್ಕಂಡು ಕಟ್ಟಿ ಮ್ಯಾಲೆ ಕೂಡ್ತಿದ್ರು. ಮೂರು ವರ್ಷ ಕೂತ್ರಪ್ಪ.”

ಬೈದಿದ್ದರು ಎಂದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವನಿಗೆ ಅಳು ಬಂತು. ಇವತ್ತಿಡೀ ಆ ಮನೆಯಲ್ಲಿ ಅವನು ಅತ್ತದ್ದು ಆಗಲೇ. ಅವಳು ಸಮಾಧಾನ ಹೇಳಲು ಹೋಗಲಿಲ್ಲ. ಅಳು ನಿಂತ ಮೇಲೆ, ಆ ಸಾಬರಿಗೆ ಹೋಗಾಕೆ ಗಾಡಿ ಇಲ್ಲ, ಆಟೋದವನು ಬಿಟ್ಟು ಹೋಗ್ಯಾನೆ, ನಿನ್ನ ಬೈಕಲ್ಲಿ ಕರಕೊಂಡು ಹೋಗು ಎಂದಳು.

*

ಬೈಕು ಹರಿಹರ ದಾಟಿತು. ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಹಿಡಿದು ಹಿಂದೆ ಕೂತಿದ್ದ ಮಸ್ತಾನಸಾಬ್, ದಾವಣಗೆರೆ ಇನ್ನೇನು ಬಂತು ಎನ್ನುವಾಗ ಎಡಕ್ಕೆ, ಬಲಕ್ಕೆ ಎಂದು ದಾರಿ ಹೇಳತೊಡಗಿದ. ಹನ್ನೊಂದು ವರ್ಷ ಅದೇ ಊರಲ್ಲಿದ್ದು ಚೌಡೇಶ ಆ ಓಣಿಗಳಿಗೆ ಬಂದವನಲ್ಲ. ಸಾಲು ಸಾಲು ತಗಡಿನ ಮಾಡು, ಗಿಡ್ಡ ಹೊಗೆಗೂಡು, ದಾರಿಗಡ್ಡವಾಗಿ ಒಣಹಾಕಿದ ಅಕ್ಕಿ.

“ಒಳಗೆ ಬರ್ರಿ,” ಎಂದ ಮಸ್ತಾನಸಾಬ್. ಕೇಳಿದ್ದಲ್ಲ, ಹೇಳಿದ್ದು.

ಒಳಗೆ ಕಾಲಿಟ್ಟ ಕೂಡಲೇ ಕನ್ನಡಕ ಮಬ್ಬಾಯಿತು. ಒರೆಸಿ ಹಾಕಿಕೊಂಡಾಗ ಒಲೆ ಕಂಡಿತು. ಒಬ್ಬ ಕಾದ ಮರಳಿಗೆ ಅಕ್ಕಿ ಸುರಿದು ಕೈಯಾಡಿಸುತ್ತಿದ್ದ, ಒಬ್ಬ ಹೆಂಗಸು ಅರಳಿದ್ದನ್ನು ಜರಡಿ ಹಿಡಿಯುತ್ತಿದ್ದಳು. ಇಬ್ಬರೂ ತಿರುಗಿ ನೋಡಲಿಲ್ಲ, ನೋಡಿದರೆ ಅಕ್ಕಿ ಸೀಯುತ್ತದೆ. ನೆಲದ ಮೇಲೆ ಕಲ್ಲು ಹೂತು ಮಾಡಿದ ಒಂದು ಗೆರೆ ಇತ್ತು. ಮಸ್ತಾನಸಾಬ್ ಅವನನ್ನು ಆ ಗೆರೆಯ ಹತ್ತಿರ ನಿಲ್ಲಿಸಿದ.

“ಹುಡುಗ್ರನ್ನ ಇಲ್ಲಿ ನಿಲ್ಲಿಸ್ತಿದ್ರು. ಒಂದು ಹಂಡೆ ಅಕ್ಕಿ ಅರಳೋ ತನಕ ಯಾರೂ ಕದಲಂಗಿಲ್ಲ. ಆಮ್ಯಾಲೆ ಹುಡುಗ್ರು ನಮ್ಮನ್ನ ಕೇಳೋರು. ಅಂಗಡ್ಯಾಗೆ ಎಷ್ಟಕ್ಕೆ ಹೋಗ್ತೈತೆ, ನಿಮಗೆ ಎಷ್ಟು ಬರ್ತೈತೆ, ನಡುವೆ ಯಾರು ತಗಂತಾರೆ. ಎಲ್ಲಾ ಕೇಳ್ಕಂಡು, ಇಷ್ಟು ಕೊಟ್ರೆ ನ್ಯಾಯ ಅಂತ ತಾವೇ ಮಾತಾಡಿ ಅಲ್ಲಿ ಬರೀತಿದ್ರು.”

ಅವನು ಕೈ ತೋರಿಸಿದ ಕಡೆ ಮಸಿಗಟ್ಟಿದ ಗೋಡೆ. ಅದರ ಮೇಲೆ ಸುಣ್ಣದಲ್ಲಿ ಸಾಲುಸಾಲು ಬರಹ, ಒಂದೊಂದು ಸಾಲು ಒಂದೊಂದು ಮಗುವಿನ ಕೈ. ಇಸವಿ, ಅದರ ಮುಂದೆ ಚೀಲಕ್ಕೆ ಇಷ್ಟು ರೂಪಾಯಿ ಕೂಲಿ. ಮೇಲಿನ ಸಾಲುಗಳು ಹೊಗೆ ಹಿಡಿದು ಕಂದಾಗಿದ್ದವು.

“ಅಷ್ಟು ಕೊಟ್ರಾ?” ಎಂದು ಚೌಡೇಶ ಕೇಳಿದ.

“ಒಂದು ವರ್ಸಾನೂ ಕೊಡ್ಲಿಲ್ಲ. ಆದ್ರೂ ನಾನು ಅಳಿಸಾಕೆ ಬಿಟ್ಟಿಲ್ಲ.” ಮಸ್ತಾನಸಾಬ್ ಖಾಲಿ ಚೀಲವನ್ನು ಗೂಟಕ್ಕೆ ನೇತುಹಾಕಿದ. “ಹುಡುಗ್ರು ಬರೋದು ನಿಂತ ಮ್ಯಾಲೆ ಮೇಷ್ಟ್ರು ಒಬ್ರೇ ಬರ್ತಿದ್ರು, ವರ್ಸಕ್ಕೊಂದು ಸಲ. ಇಸವಿ ಬರೆದು ಹೋಗ್ತಿದ್ರು. ರೇಟು ನೀವೇ ಹಾಕ್ರಿ ಅಂದ್ರೆ, ಅದು ಹುಡುಗ್ರದ್ದು ಅಂತಿದ್ರು.”

ಚೌಡೇಶ ಗೆರೆ ದಾಟಿ ಗೋಡೆಯ ಹತ್ತಿರ ಹೋದ. 2020ರ ಸಾಲಿನವರೆಗೆ ಎಲ್ಲ ತುಂಬಿತ್ತು. ಅದರ ಕೆಳಗೆ 2021, 2022, 2023, 2024, 2025. ಐದೂ ಒಂದೇ ಕೈ, ಆರು ವರ್ಷ ವರಾಂಡದ ನೆಲದ ಮೇಲೆ ಅವನು ಕಂಡಿದ್ದ ಅದೇ ಓರೆ ಅಕ್ಷರ. ಪ್ರತಿ ಇಸವಿಯ ಮುಂದೆ ಒಂದು ಗೀಟು, ಗೀಟಿನ ಮುಂದೆ ಖಾಲಿ ಜಾಗ.

ಅಭ್ಯಾಸಬಲದಿಂದ ಅವನ ಕೈ ಜೇಬಿನಲ್ಲಿದ್ದ ಸುಣ್ಣದ ಕಡ್ಡಿಗೆ ಹೋಯಿತು. ಮಸ್ತಾನಸಾಬ್ ಬ್ಯಾಡ ಎನ್ನುವಂತೆ ತಲೆಯಾಡಿಸಿದ. ಚೌಡೇಶ ಕೈಯನ್ನು ಹಾಗೇ ಹೊರಗೆ ತೆಗೆದ. ಬರುವ ಶನಿವಾರ ಎಷ್ಟು ಹೊತ್ತಿಗೆ ಬರಲಿ, ನಲವತ್ತು ಮಂದಿ ಇದ್ದಾರೆ ಎಂದು ಕೇಳಿದ. ಎರಡು ಗಂಟೆಗೆ ಎಂದ ಮುದುಕ ಅಂಗಿ ಕಳಚಿ ಒಲೆಯ ಕಡೆ ನಡೆದ.

ಸಾಲು ಕೆಳಗಿಳಿಯುತ್ತ ಇಳಿಯುತ್ತ ಕೊನೆಯ ಇಸವಿ ನೆಲದಿಂದ ಒಂದು ಮೊಳ ಎತ್ತರಕ್ಕೆ ಬಂದಿತ್ತು. ಆರಡಿ ಎರಡಂಗುಲದ ಮನುಷ್ಯನಿಗೆ ಬಗ್ಗಿದರೆ ಸಾಲದು. ಚೌಡೇಶ ಗೋಡೆಯ ಬುಡದ ನೆಲ ನೋಡಿದ. ಅಲ್ಲಿ ಬೆರಳುದ್ದ ಬೂದಿ ಕೂತಿತ್ತು. ಆ ಬೂದಿಯಲ್ಲಿ, ಪಕ್ಕಪಕ್ಕದಲ್ಲಿ, ಮೊಣಕಾಲೂರಿದ ಎರಡು ಗುಳಿಗಳು ಇನ್ನೂ ಹಾಗೇ ಇದ್ದವು.